ಎದುರು ಪಕ್ಷದ ಕೈಯಲ್ಲಿರುವ ದಾಖಲೆ ಪಡೆಯುವುದು, ಅರ್ಜಿ ವಜಾ ಆದರೆ ಮರುಪರಿಶೀಲನೆ ಕೇಳುವುದು: ಕಾಸರಗೋಡಿನ ಕಕ್ಷಿಗಾರರಿಗೆ ಸಮಗ್ರ ಮಾರ್ಗದರ್ಶಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಆಸ್ತಿ ದಾವೆಗಳಲ್ಲಿ ಜಗಳ ಜಮೀನಿನದ್ದಾದರೂ ಸೋಲು ಗೆಲುವು ನಿಂತಿರುವುದು ಕಾಗದದ ಮೇಲೆ. ಆ ಕಾಗದ ಹೆಚ್ಚಿನ ಸಲ ಎದುರು ಪಕ್ಷದವರ ಕಪಾಟಿನಲ್ಲಿರುತ್ತದೆ. ಯಜಮಾನಿಕೆ ನಡೆಸಿದವರ ಹತ್ತಿರ ಹಳೆಯ ಪಾಲುಪಟ್ಟಿ, ಮೂಲಗೇಣಿ ಚೀಟು, ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟು, ಅಡಕೆ ಮಾರಿದ ಲೆಕ್ಕ ಎಲ್ಲವೂ ಇರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹತ್ತಿರ, ಮುಂಬಯಿಯಲ್ಲೋ ಗಲ್ಫಿನಲ್ಲೋ ದುಡಿದು ಬಂದವರ ಹತ್ತಿರ ಬಾಯಿಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ.

ಇಂಥವರಿಗಾಗಿಯೇ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 30ನೇ ಕಲಂ ಮತ್ತು 11ನೇ ಆರ್ಡರ್ (ಅಂದರೆ ಸಂಹಿತೆಯ ನಿಯಮಗಳ 11ನೇ ಅಧ್ಯಾಯ) ಇವೆ. ಕೋರ್ಟಿನ ಭಾಷೆಯಲ್ಲಿ ಇದಕ್ಕೆ ಡಿಸ್ಕವರಿ ಎನ್ನುತ್ತಾರೆ. ವಿಚಾರಣೆಗೆ ಮೊದಲೇ ಎದುರು ಪಕ್ಷದವರಿಗೆ ಲಿಖಿತ ಪ್ರಶ್ನೆ ಹಾಕಿ ಪ್ರಮಾಣದ ಮೇಲೆ ಉತ್ತರ ಪಡೆಯಬಹುದು. ಅವರಲ್ಲಿ ಯಾವ ದಾಖಲೆಗಳಿವೆ ಎಂದು ಹೇಳಿಸಬಹುದು. ಆ ದಾಖಲೆಗಳನ್ನು ನೋಡಿ ನಕಲು ತೆಗೆದುಕೊಳ್ಳಬಹುದು. ಆದರೆ ಈ ಅರ್ಜಿಗಳಲ್ಲಿ ಬಹಳಷ್ಟು ವಜಾ ಆಗುವುದು ಕೇಳಿದ ರೀತಿ ಸರಿಯಿಲ್ಲದೆ. "ಕುಟುಂಬಕ್ಕೆ ಸಂಬಂಧಿಸಿದ ಎಲ್ಲ ದಾಖಲೆಗಳು" ಎಂದು ಬರೆದರೆ ನ್ಯಾಯಾಧೀಶರು ಒಪ್ಪುವುದು ಕಷ್ಟ. ವಜಾ ಆದ ಮೇಲೆ ಅದೇ ಮಾತನ್ನು ಇನ್ನೊಮ್ಮೆ ಬರೆದು ರಿವ್ಯೂ (ಮರುಪರಿಶೀಲನೆ) ಅರ್ಜಿ ಹಾಕುವುದರಿಂದ ತಿಂಗಳುಗಳು ಹೋಗುತ್ತವೆ, ಕೈಗೆ ಏನೂ ಬರುವುದಿಲ್ಲ. ಆದೇಶದಲ್ಲಿ ಆಗಿರುವ ತಪ್ಪು ಯಾವ ಜಾತಿಯದ್ದು ಎಂಬುದನ್ನು ಮೊದಲು ಗುರುತಿಸಿ, ಅದಕ್ಕೆ ತಕ್ಕ ದಾರಿ ಹಿಡಿಯಬೇಕು.

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ದಾವೆ ಇಟ್ಟುಕೊಳ್ಳೋಣ. ಅಕ್ಕ ತನ್ನ ಪಾಲು ಕೇಳಿ ಕಾಸರಗೋಡು ಸಬ್ ಕೋರ್ಟಿನಲ್ಲಿ ದಾವೆ ಹೂಡಿದ್ದಾಳೆ. "1998ರಲ್ಲಿ ಅಕ್ಕ ಹಣ ಪಡೆದು ಬಿಡುಗಡೆ ಪತ್ರ ಬರೆದುಕೊಟ್ಟಿದ್ದಾಳೆ, ತೋಟದಲ್ಲಿ ಹೇಳಿಕೊಳ್ಳುವ ಆದಾಯವೂ ಇಲ್ಲ" ಎಂಬುದು ತಮ್ಮನ ಪ್ರತಿವಾದ. ಪಾಲಿನ ಹಕ್ಕು ಬಿಟ್ಟುಕೊಟ್ಟದ್ದೆಂಬ ಆ ಪತ್ರ ರಿಜಿಸ್ಟರ್ ಆಗಿಲ್ಲ. ಅಕ್ಕ ಅದನ್ನು ನೋಡಿಯೇ ಇಲ್ಲ.

ಕೋರ್ಟನ್ನು ಕೇಳುವ ಮೊದಲು

ಸಾರ್ವಜನಿಕ ಕಚೇರಿಯಲ್ಲಿ ಸಿಗುವುದನ್ನು ಎದುರು ಪಕ್ಷದವರಿಂದ ಕೇಳಬೇಡಿ. ಅದು ನಿಮ್ಮ ಅರ್ಜಿಯನ್ನು ದುರ್ಬಲಗೊಳಿಸುತ್ತದೆ. ರಿಜಿಸ್ಟರ್ ಆದ ಕ್ರಯಪತ್ರ, ಪಾಲುಪಟ್ಟಿಗಳ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ರಿಜಿಸ್ಟರ್ ಆದ ಮರಣಶಾಸನದ ನಕಲನ್ನು ಅದನ್ನು ಬರೆದವರು ತೀರಿಹೋದ ನಂತರ ಯಾರು ಬೇಕಾದರೂ ಕೇಳಬಹುದೆಂದು ನೋಂದಣಿ ಕಾಯ್ದೆಯ 57ನೇ ಕಲಂ ಹೇಳುತ್ತದೆ. ತೀರ್ವೆ (ಭೂಕಂದಾಯ), ತಂಡಪ್ಪೇರ್ ಖಾತೆಯ (ಗ್ರಾಮ ಕಚೇರಿಯ ಭೂಕಂದಾಯ ಖಾತೆ) ವಿವರಗಳಿಗೆ ಗ್ರಾಮ ಕಚೇರಿ ಇದೆ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, ಅದಕ್ಕೆ 30 ದಿನಗಳೊಳಗೆ ಉತ್ತರ ಬರಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಬರೆಯುವ ಹಕ್ಕನ್ನು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ. ಅದನ್ನು ಬಳಸಿ, ಬಳಸದ ಹಕ್ಕು ಮೆಲ್ಲಗೆ ಮರೆತುಹೋಗುತ್ತದೆ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುದರಿಂದ ಅದಕ್ಕೆ ಹಿಂದಿನ ಕೆಲವು ದಾಖಲೆಗಳಿಗೆ ಮಂಗಳೂರಿನಲ್ಲಿಯೂ ವಿಚಾರಿಸಬೇಕಾಗಬಹುದು.

ದಾಖಲೆ ಮೂರನೆಯವರ ಕೈಯಲ್ಲಿದ್ದರೆ 11ನೇ ಆರ್ಡರ್ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅದು ದಾವೆಯ ಪಕ್ಷಗಾರರಿಗೆ ಮಾತ್ರ. ಮೂರನೆಯವರಿಗೆ 16ನೇ ಆರ್ಡರಿನ 6ನೇ ನಿಯಮದಡಿ ದಾಖಲೆ ಹಾಜರುಪಡಿಸುವ ಸಮನ್ಸ್ ಕಳಿಸಬೇಕು. ಬ್ಯಾಂಕಿನ ಲೆಕ್ಕಕ್ಕೆ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ 6ನೇ ಕಲಂ ಇದೆ. ಬೇರೆ ಕೋರ್ಟಿನ ಫೈಲು ಬೇಕಾದರೆ 13ನೇ ಆರ್ಡರಿನ 10ನೇ ನಿಯಮ.

ಮೊದಲ ಹೆಜ್ಜೆ: ನೋಟೀಸು

ಎದುರು ಪಕ್ಷದವರು ತಮ್ಮ ಪ್ರತಿವಾದಪತ್ರದಲ್ಲಿ ಹೆಸರಿಸಿದ ದಾಖಲೆಗೆ ನೇರವಾಗಿ ಅರ್ಜಿ ಹಾಕುವ ಅಗತ್ಯವೇ ಇಲ್ಲ. 11ನೇ ಆರ್ಡರಿನ 15ನೇ ನಿಯಮದಂತೆ ವಕೀಲರ ಮೂಲಕ ನೋಟೀಸು ಕೊಟ್ಟರೆ ಸಾಕು. ನೋಟೀಸು ಸಿಕ್ಕಿದ 10 ದಿನಗಳೊಳಗೆ ಅವರು ಉತ್ತರಿಸಿ, ಆ ಉತ್ತರ ಕೊಟ್ಟ ಮೂರು ದಿನಗಳೊಳಗೆ ದಾಖಲೆ ನೋಡಲು ಸಮಯ ಗೊತ್ತುಮಾಡಬೇಕು. ತೋರಿಸದಿದ್ದರೆ, ಸರಿಯಾದ ಕಾರಣ ಕೊಡದೆ ಮುಂದೆ ಅದೇ ದಾಖಲೆಯನ್ನು ತಮ್ಮ ಪರ ಸಾಕ್ಷ್ಯವಾಗಿ ಬಳಸುವಂತಿಲ್ಲ. ನಮ್ಮ ಕಲ್ಪಿತ ದಾವೆಯಲ್ಲಿ 1998ರ ಬಿಡುಗಡೆ ಪತ್ರ ಇದೇ ಗುಂಪಿಗೆ ಸೇರುತ್ತದೆ. ಬಹಳ ಜನ ಈ ಹೆಜ್ಜೆಯನ್ನು ಹಾರಿಸಿಬಿಡುತ್ತಾರೆ. ಹಾರಿಸಬೇಡಿ: ನೋಟೀಸಿನ ನಕಲು ಮತ್ತು ಅದು ತಲುಪಿದ ರಸೀದಿ ಮುಂದಿನ ಪ್ರತಿಯೊಂದು ಅರ್ಜಿಗೂ ನಿಮ್ಮ ಬೆನ್ನೆಲುಬು. ನೋಟೀಸಿಗೆ ಉತ್ತರ ಬಾರದಿದ್ದರೆ 18ನೇ ನಿಯಮದಡಿ ಪರಿಶೀಲನೆಗೆ ಆದೇಶ ಕೇಳಿ.

ಎರಡನೆಯ ಹೆಜ್ಜೆ: ದಾಖಲೆಗಳ ಡಿಸ್ಕವರಿಗೆ ಮಧ್ಯಂತರ ಅರ್ಜಿ

ಎದುರು ಪಕ್ಷದವರು ಹೆಸರಿಸದ ದಾಖಲೆಗಳಿಗೆ 12ನೇ ನಿಯಮ. ಈ ಅರ್ಜಿಗೆ ಅಫಿದವಿತ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಕಡ್ಡಾಯವಲ್ಲ ಎಂದು ನಿಯಮವೇ ಹೇಳುತ್ತದೆ. ಹಾಗಿದ್ದರೂ ಚಿಕ್ಕದೊಂದು ಅಫಿದವಿತ್ ಇಡುವುದು ಒಳ್ಳೆಯದು. ಕೋರ್ಟು ನೋಡುವುದು ಎರಡೇ ಸಂಗತಿ: ದಾವೆಯನ್ನು ನ್ಯಾಯವಾಗಿ ತೀರ್ಮಾನಿಸಲು ಇದು ಬೇಕೇ, ಅಥವಾ ಇದರಿಂದ ಖರ್ಚು ಉಳಿಯುತ್ತದೆಯೇ. ಎರಡೂ ಅಲ್ಲವೆನಿಸಿದರೆ ಅರ್ಜಿ ವಜಾ.

ಆದ್ದರಿಂದ ಪ್ರತಿ ದಾಖಲೆಯ ಎದುರು ನಾಲ್ಕು ವಿಷಯ ಬರೆಯಿರಿ. ದಾಖಲೆ ಯಾವುದು, ಯಾವ ಕಾಲದ್ದು, ಅದು ಅವರ ಬಳಿ ಇದೆ ಎನ್ನಲು ನಿಮಗಿರುವ ಆಧಾರ, ಯಾವ ವಿವಾದಾಂಶಕ್ಕೆ (ದಾವೆಯಲ್ಲಿ ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗೆ) ಅದು ಬೇಕು. ಅಕ್ಕನ ಅರ್ಜಿಯ ಶೆಡ್ಯೂಲಿನಲ್ಲಿ (ಪಟ್ಟಿಯಲ್ಲಿ) ಒಂದು ಸಾಲು ಹೀಗಿರಬಹುದು:

"ವಾದಪತ್ರದ ಶೆಡ್ಯೂಲು ಜಮೀನಿನಲ್ಲಿ ಬೆಳೆದ ಅಡಕೆಯನ್ನು 2016ರ ಏಪ್ರಿಲ್ 1ರಿಂದ ದಾವೆ ಹೂಡಿದ ದಿನದ ವರೆಗೆ ಮಾರಾಟ ಮಾಡಿದ ಬಿಲ್ಲುಗಳು ಮತ್ತು ಆ ಹಣ ಜಮೆಯಾದ ಖಾತೆಯ ಪಾಸ್‌ಬುಕ್. ಈ ಅವಧಿಯಲ್ಲಿ ತೋಟದ ಕೆಲಸ ಮಾಡಿಸಿ ಫಸಲು ಮಾರಿದವರು ತಾವೇ ಎಂದು ಪ್ರತಿವಾದಿಯು ತನ್ನ ಪ್ರತಿವಾದಪತ್ರದ 7ನೇ ಪ್ಯಾರಾದಲ್ಲಿ ಒಪ್ಪಿರುತ್ತಾರೆ. ಆದಾಯದಲ್ಲಿ ವಾದಿಯ ಪಾಲನ್ನು ಕುರಿತ 4ನೇ ವಿವಾದಾಂಶಕ್ಕೆ ಇವು ಅಗತ್ಯ."

ಇಂಥ ಸಾಲನ್ನು ನಿರಾಕರಿಸಲು ಕೋರ್ಟಿಗೆ ಕಾರಣ ಸಿಗುವುದು ಕಷ್ಟ. ಇದರ ಬದಲು "ತೋಟದ ಎಲ್ಲ ಲೆಕ್ಕಪತ್ರಗಳು" ಎಂದು ಬರೆದಿದ್ದರೆ, ಏನಾದರೂ ಸಿಕ್ಕೀತೆಂದು ಹುಡುಕುವ ಅರ್ಜಿ ಎಂಬ ಆಕ್ಷೇಪ ಖಂಡಿತ ಬರುತ್ತದೆ.

ಬಿಡುಗಡೆ ಪತ್ರ ರಿಜಿಸ್ಟರ್ ಆಗಿಲ್ಲ, ಅದು ಸಾಕ್ಷ್ಯವಾಗಿಯೇ ನಿಲ್ಲುವುದಿಲ್ಲ, ಮತ್ತೇಕೆ ತೋರಿಸಬೇಕು ಎಂಬ ವಾದವೂ ಬರಬಹುದು. ಇದಕ್ಕೆ ಉತ್ತರ ಎಂ.ಎಲ್. ಸೇಠಿ ವಿರುದ್ಧ ಆರ್.ಪಿ. ಕಪೂರ್ ಪ್ರಕರಣದಲ್ಲಿ 1972ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲಿದೆ. ಡಿಸ್ಕವರಿಗೆ ದಾಖಲೆ ಸಾಕ್ಷ್ಯವಾಗಿ ಸ್ವೀಕಾರಾರ್ಹವೇ ಆಗಿರಬೇಕೆಂದಿಲ್ಲ. ವಿವಾದದ ಮೇಲೆ ಬೆಳಕು ಚೆಲ್ಲುವಂತಿದ್ದರೆ ಸಾಕು.

ಅರ್ಜಿ ಮಂಜೂರಾದರೆ ಎದುರು ಪಕ್ಷದವರು ಸಂಹಿತೆಯ ಅನುಬಂಧ ಸಿಯ 5ನೇ ನಮೂನೆಯಲ್ಲಿ ದಾಖಲೆಗಳ ಅಫಿದವಿತ್ ಕೊಡಬೇಕು. ಈ ನಮೂನೆಯನ್ನು ಗಮನವಿಟ್ಟು ಓದಿ. ತಮ್ಮ ಬಳಿ ಇರುವ ದಾಖಲೆಗಳು, ಇದ್ದರೂ ತೋರಿಸಲು ಆಕ್ಷೇಪವಿರುವವು, ಹಿಂದೆ ಇದ್ದು ಈಗ ಇಲ್ಲದವು, ಹೀಗೆ ಬೇರೆ ಬೇರೆ ಪಟ್ಟಿ ಅದರಲ್ಲಿವೆ. ಈಗ ಇಲ್ಲದ್ದು ಕೊನೆಗೆ ಯಾವಾಗ ತಮ್ಮ ಬಳಿ ಇತ್ತು, ಆಮೇಲೆ ಏನಾಯಿತು ಎಂದೂ ಹೇಳಬೇಕು. "ನನ್ನಲ್ಲಿ ಏನೂ ಇಲ್ಲ" ಎಂಬ ಒಂದೇ ಸಾಲಿನ ಅಫಿದವಿತ್ ಬಂದರೆ ಸುಮ್ಮನಿರಬೇಡಿ. 19ನೇ ನಿಯಮದ 3ನೇ ಉಪನಿಯಮದಡಿ ಒಂದು ನಿರ್ದಿಷ್ಟ ದಾಖಲೆಯ ಹೆಸರು ಹೇಳಿ, ಅದು ಇದೆಯೇ, ಇತ್ತೇ, ಯಾವಾಗ ಕೈಬಿಟ್ಟಿತು ಎಂದು ಪ್ರಮಾಣದ ಮೇಲೆ ಉತ್ತರಿಸಲು ಆದೇಶ ಕೇಳಬಹುದು. ಸುಳ್ಳು ಹೇಳುವವರಿಗೂ ಇಲ್ಲಿ ಕೈ ನಡುಗುತ್ತದೆ. ನನ್ನ ಅಭಿಪ್ರಾಯದಲ್ಲಿ 11ನೇ ಆರ್ಡರಿನ ಅತ್ಯಂತ ಹರಿತವಾದ ಆಯುಧ ಇದೇ, ಅತಿ ಕಡಿಮೆ ಬಳಕೆಯಾಗುವುದೂ ಇದೇ.

ಮೂರನೆಯ ಹೆಜ್ಜೆ: ಲಿಖಿತ ಪ್ರಶ್ನೆಗಳು

ಇಂಟರೋಗೇಟರಿಗೆ, ಅಂದರೆ ಇಂಥ ಲಿಖಿತ ಪ್ರಶ್ನಾವಳಿಗೆ, ಕೋರ್ಟಿನ ಅನುಮತಿ ಬೇಕು. ಒಬ್ಬರಿಗೆ ಒಂದೇ ಸಲ ಪ್ರಶ್ನಾವಳಿ ಕೊಡಬಹುದು, ಇನ್ನೊಮ್ಮೆ ಕೊಡಲು ಪ್ರತ್ಯೇಕ ಆದೇಶ ಬೇಕು. ಅರ್ಜಿಯ ಮೇಲೆ 7 ದಿನಗಳಲ್ಲಿ ತೀರ್ಮಾನವಾಗಬೇಕೆಂದು 2ನೇ ನಿಯಮ ಹೇಳುತ್ತದೆ. ಉತ್ತರ 10 ದಿನಗಳೊಳಗೆ, ಅಫಿದವಿತ್ ರೂಪದಲ್ಲಿ. ಪ್ರಶ್ನೆಗಳನ್ನು ತೆಗೆದುಹಾಕಬೇಕೆಂದು ಎದುರು ಪಕ್ಷದವರು ಕೇಳುವುದಾದರೆ ಅದಕ್ಕೆ 7 ದಿನ.

ಪಾಟೀಸವಾಲಿನಲ್ಲಿ ಕೇಳಬಹುದಾದ ಪ್ರಶ್ನೆಯೆಲ್ಲ ಇಲ್ಲಿ ನಡೆಯುವುದಿಲ್ಲ. ದಾವೆಯ ವಿವಾದಕ್ಕೆ ನೇರ ಸಂಬಂಧವಿರಬೇಕು ಎಂದು 1ನೇ ನಿಯಮವೇ ಸ್ಪಷ್ಟವಾಗಿ ಹೇಳಿದೆ. ರಾಜ್ ನಾರಾಯಣ್ ವಿರುದ್ಧ ಇಂದಿರಾ ಗಾಂಧಿ ಪ್ರಕರಣದಲ್ಲಿ 1972ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಅದನ್ನೇ. "ನೀವು ಅಕ್ಕನಿಗೆ ಮೋಸ ಮಾಡಿದ್ದು ನಿಜವಲ್ಲವೇ?" ಎಂಬುದು ತಿರಸ್ಕೃತವಾಗುವ ಪ್ರಶ್ನೆ. "1998ರ ಬಿಡುಗಡೆ ಪತ್ರದ ಪ್ರತಿಫಲವನ್ನು ನಗದಾಗಿ ಕೊಟ್ಟಿರೋ, ಬ್ಯಾಂಕಿನ ಮೂಲಕವೋ? ಬ್ಯಾಂಕಿನ ಮೂಲಕವಾದರೆ ಯಾವ ಶಾಖೆ, ಯಾವ ದಿನಾಂಕ?" ಎಂಬುದು ನಿಲ್ಲುವ ಪ್ರಶ್ನೆ. ಹತ್ತು ಹನ್ನೆರಡು ಒಳ್ಳೆಯ ಪ್ರಶ್ನೆಗಳು ಸಾಕು. ವಿನಾಕಾರಣ ಉದ್ದ ಎಳೆದರೆ ಖರ್ಚು ನಿಮ್ಮ ತಲೆಗೇ ಬರಬಹುದು.

ಕೇಳಿಸಿಕೊಂಡವರು ನೀವಾದರೆ

ಆಕ್ಷೇಪಕ್ಕೆ ನಿಮಗೂ ಹಕ್ಕಿದೆ. ಮಾನಹಾನಿಕರ, ಅಸಂಬದ್ಧ, ಸದುದ್ದೇಶವಿಲ್ಲದ, ಈ ಹಂತಕ್ಕೆ ಬೇಡದ ಪ್ರಶ್ನೆ ಎಂದು 6ನೇ ನಿಯಮದಡಿ ಹೇಳಬಹುದು. ವಕೀಲರೊಂದಿಗೆ ನಡೆಸಿದ ಪತ್ರವ್ಯವಹಾರಕ್ಕೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ರಿಂದ 134ನೇ ಕಲಂಗಳ ರಕ್ಷಣೆ ಇದೆ. ಆದರೆ ಗೌಪ್ಯ ಎಂದು ಬರೆದ ಮಾತ್ರಕ್ಕೆ ಮುಗಿಯಲಿಲ್ಲ. ಹಾಗೆ ಹೇಳುವುದು ಸರಿಯೇ ಎಂದು ನೋಡಲು ಕೋರ್ಟು ಆ ದಾಖಲೆಯನ್ನು ತಾನೇ ತರಿಸಿ ಓದಬಹುದು.

ಆದೇಶ ಕೈಗೆ ಬಂದಾಗ

ಅರ್ಜಿ ವಜಾ ಆಯಿತು ಎಂದು ಗುಮಾಸ್ತರು ಫೋನಿನಲ್ಲಿ ಹೇಳಿದ್ದನ್ನಷ್ಟೇ ಕೇಳಿ ತೀರ್ಮಾನಕ್ಕೆ ಬರಬೇಡಿ. ಅದೇ ದಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನಕಲು ಬಂದ ಮೇಲೆ ಪೆನ್ಸಿಲ್ ಹಿಡಿದು ಓದಿ, ಕೋರ್ಟು ಕೊಟ್ಟ ಕಾರಣ ಇರುವ ಸಾಲಿನ ಕೆಳಗೆ ಗೆರೆ ಎಳೆಯಿರಿ. ಮುಂದಿನ ದಾರಿ ಆ ಸಾಲಿನಲ್ಲೇ ಇರುತ್ತದೆ.

ಆ ಸಾಲು "ಸರ್ವೆ ನಂಬರು ತಪ್ಪಾಗಿ ಟೈಪಾಗಿದೆ" ಎಂಬಂಥ ಕೈತಪ್ಪಾದರೆ ರಿವ್ಯೂ ಬೇಡ. ಸಂಹಿತೆಯ 152ನೇ ಕಲಂ ಅಡಿ ಯಾವಾಗ ಬೇಕಾದರೂ ತಿದ್ದುಪಡಿ ಕೇಳಬಹುದು.

"ಕೋರಿಕೆ ಅಸ್ಪಷ್ಟವಾಗಿದೆ" ಅಥವಾ "ಈ ಹಂತದಲ್ಲಿ ಅಗತ್ಯವಿಲ್ಲ" ಎಂದಿದ್ದರೆ ಆಗಲೂ ರಿವ್ಯೂ ಸರಿಯಾದ ದಾರಿಯಲ್ಲ. ಹೊಸದಾದ, ಕಿರಿದಾದ ಅರ್ಜಿ ಹಾಕಿ. ಅರ್ಜುನ್ ಸಿಂಗ್ ವಿರುದ್ಧ ಮೊಹಿಂದ್ರ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ವಿಷಯ ಚರ್ಚಿಸಿದೆ. ವಿಚಾರಣೆಯ ನಡಾವಳಿಗೆ ಸಂಬಂಧಿಸಿದ ಮಧ್ಯಂತರ ಆದೇಶವನ್ನು ಸನ್ನಿವೇಶ ಬದಲಾದರೆ ಮತ್ತೆ ಕೇಳಬಹುದು. ಅದೇ ಸಂಗತಿಗಳ ಮೇಲೆ ಅದೇ ಅರ್ಜಿಯನ್ನು ಮತ್ತೆ ಹಾಕಿದರೆ ಪ್ರಕ್ರಿಯೆಯ ದುರುಪಯೋಗವಾಗುತ್ತದೆ. ಹೊಸ ಅರ್ಜಿಯ ಮೊದಲ ಪ್ಯಾರಾದಲ್ಲೇ ಹಿಂದಿನ ಅರ್ಜಿಯ ನಂಬರು, ಅದು ವಜಾ ಆದ ದಿನಾಂಕ, ಈಗ ಬದಲಾಗಿರುವುದು ಏನು ಎಂದು ತೆರೆದು ಹೇಳಿ. ಮುಚ್ಚಿಟ್ಟರೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ.

ಇನ್ನು, ಕೋರ್ಟು ನಿಮ್ಮ ವಾದ ಕೇಳಿ, ದಾಖಲೆ ನೋಡಿ, ಒಪ್ಪಲಿಲ್ಲ ಎಂದಾದರೆ ಅದು ಮೇಲಿನ ಕೋರ್ಟಿನ ವಿಷಯ. ರಿವ್ಯೂ ಉಳಿಯುವುದು ಕೋರ್ಟು ನೋಡದೇ ಹೋದದ್ದಕ್ಕೆ ಮಾತ್ರ.

ರಿವ್ಯೂ ಅರ್ಜಿ ಬರೆಯುವುದು

ಇದಕ್ಕಿರುವುದು ಸಂಹಿತೆಯ 114ನೇ ಕಲಂ, 47ನೇ ಆರ್ಡರಿನ 1ನೇ ನಿಯಮ. ಕಾರಣಗಳು ಮೂರು. ಎಷ್ಟು ಶ್ರದ್ಧೆಯಿಂದ ಹುಡುಕಿದರೂ ಆಗ ಸಿಗದಿದ್ದ ಹೊಸ, ಮುಖ್ಯವಾದ ಸಾಕ್ಷ್ಯ ಈಗ ಸಿಕ್ಕಿರುವುದು ಒಂದು. ದಾಖಲೆಯ ಮೇಲ್ನೋಟಕ್ಕೇ ಕಾಣುವ ತಪ್ಪು ಎರಡನೆಯದು. ಮೂರನೆಯದು "ಬೇರೆ ಸಾಕಷ್ಟು ಕಾರಣ". ಈ ಮೂರನೆಯದನ್ನು ನೋಡಿ ಬಾಗಿಲು ಅಗಲವಾಗಿದೆ ಎಂದುಕೊಳ್ಳಬೇಡಿ. 1922ರಲ್ಲಿ ಛಜ್ಜು ರಾಮ್ ವಿರುದ್ಧ ನೇಕಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಅಪೀಲು ಕೋರ್ಟು), ಮೊದಲಿನ ಎರಡು ಕಾರಣಗಳನ್ನು ಹೋಲುವಂಥದ್ದೇ ಆಗಿರಬೇಕು ಎಂದಿತು. ತಿರುವಾಂಕೂರು-ಕೊಚ್ಚಿಯಿಂದ ಹೋದ ಮೋರಾನ್ ಮಾರ್ ಬಸೇಲಿಯೋಸ್ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಅನುಸರಿಸಿತು. ಮೇಲಿನ ಕೋರ್ಟು ಆಮೇಲೆ ಬೇರೆ ಪ್ರಕರಣದಲ್ಲಿ ಕಾನೂನನ್ನು ಬೇರೆ ರೀತಿ ಹೇಳಿತು ಎಂಬುದು ಕಾರಣವಾಗದು ಎಂದು 1976ರ ತಿದ್ದುಪಡಿ ಸೇರಿಸಿದ ವಿವರಣೆಯಲ್ಲಿದೆ.

ಮೇಲ್ನೋಟದ ತಪ್ಪು ಎಂದರೆ ತೋರಿಸಲು ಉದ್ದದ ವಾದ ಬೇಡದ ತಪ್ಪು. ತುಂಗಭದ್ರಾ ಇಂಡಸ್ಟ್ರೀಸ್ ಪ್ರಕರಣ, 1997ರ ಪಾರ್ಸಿಯೋನ್ ದೇವಿ ಪ್ರಕರಣ, 2013ರ ಕಮಲೇಶ್ ವರ್ಮ ವಿರುದ್ಧ ಮಾಯಾವತಿ ಪ್ರಕರಣ, ಇವೆಲ್ಲ ಒತ್ತಿ ಹೇಳಿದ್ದು ರಿವ್ಯೂ ಎಂಬುದು ವೇಷ ಹಾಕಿದ ಅಪೀಲು ಅಲ್ಲ ಎಂಬುದನ್ನೇ. ನಮ್ಮ ಕಲ್ಪಿತ ದಾವೆಯಲ್ಲಿ ಎರಡು ಬಗೆಯ ಆಧಾರ ಹೋಲಿಸಿ ನೋಡಿ.

ನಿಲ್ಲದ ಆಧಾರ: "ಬಿಲ್ಲುಗಳು ವಿವಾದಕ್ಕೆ ಅಗತ್ಯವಿಲ್ಲವೆಂದು ಘನ ನ್ಯಾಯಾಲಯ ತೀರ್ಮಾನಿಸಿದ್ದು ನ್ಯಾಯಸಮ್ಮತವಲ್ಲ."

ನಿಲ್ಲಬಹುದಾದ ಆಧಾರ: "ಬಿಲ್ಲುಗಳು ಪ್ರತಿವಾದಿಯ ಬಳಿ ಇವೆ ಎನ್ನಲು ಏನೂ ಆಧಾರವಿಲ್ಲವೆಂದು ಆದೇಶದ 5ನೇ ಪ್ಯಾರಾದಲ್ಲಿದೆ. ಫಸಲು ಮಾರಿದವರು ತಾವೇ ಎಂದು ಪ್ರತಿವಾದಿಯು ಪ್ರತಿವಾದಪತ್ರದ 7ನೇ ಪ್ಯಾರಾದಲ್ಲಿ ಒಪ್ಪಿದ್ದು, ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಲಾಗಿತ್ತು. ಆದೇಶದಲ್ಲಿ ಈ ಒಪ್ಪಿಗೆಯ ಪ್ರಸ್ತಾಪವಿಲ್ಲ."

ಎರಡನೆಯದರಲ್ಲಿ ನ್ಯಾಯಾಧೀಶರು ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಸಾಕು, ತಪ್ಪು ಕಾಣುತ್ತದೆ. ಒಂದೋ ಎರಡೋ ಇಂಥ ಆಧಾರ ಬರೆದು ನಿಲ್ಲಿಸಿ. ಹದಿನೈದು ಆಧಾರಗಳ ನಡುವೆ ನಿಜವಾದದ್ದು ಮುಳುಗಿಹೋಗುತ್ತದೆ. ಅದೇ ನ್ಯಾಯಾಧೀಶರೇ ಓದುವುದರಿಂದ ಭಾಷೆಯೂ ಮರ್ಯಾದೆಯದ್ದಾಗಿರಲಿ. ಅವರು ಆ ಕೋರ್ಟಿನಲ್ಲೇ ಮುಂದುವರಿದಿದ್ದರೆ ಅವರೇ ಕೇಳಬೇಕೆಂದು 5ನೇ ನಿಯಮವಿದೆ.

ಹೊಸ ಸಾಕ್ಷ್ಯದ ಆಧಾರವಾದರೆ ಅದು ಎಲ್ಲಿತ್ತು, ನೀವು ಮೊದಲು ಎಲ್ಲೆಲ್ಲಿ ಹುಡುಕಿದಿರಿ, ಯಾವಾಗ ಯಾರಿಂದ ಸಿಕ್ಕಿತು ಎಂದು ಅಫಿದವಿತ್‌ನಲ್ಲಿ ವಿವರವಾಗಿ ಹೇಳಿ. ಕಟ್ಟುನಿಟ್ಟಾದ ರುಜುವಾತು ಬೇಕೆಂದು 4ನೇ ನಿಯಮದ ಮಾತು. ಸಿಕ್ಕಿದ್ದು ಹಳೆಯ ಕನ್ನಡ ಕೈಬರಹದ ಕಾಗದವಾದರೆ ಮಲಯಾಳ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಲಿ. ಪೀಠದಲ್ಲಿರುವವರಿಗೆ ಕನ್ನಡ ಓದಲು ಬರುತ್ತದೆಂದು ಎಣಿಸುವಂತಿಲ್ಲ.

ಅವಧಿ 30 ದಿನ, ಲಿಮಿಟೇಷನ್ (ಕಾಲಮಿತಿ) ಕಾಯ್ದೆಯ 124ನೇ ಆರ್ಟಿಕಲ್. ನಕಲು ಪಡೆಯಲು ಬೇಕಾದ ಸಮಯವನ್ನು 12ನೇ ಕಲಂ ಬಿಟ್ಟು ಲೆಕ್ಕ ಮಾಡುತ್ತದೆ. ತಡವಾದರೆ 5ನೇ ಕಲಂ ಅಡಿ ಮನ್ನಾ ಅರ್ಜಿ ಬೇಕು. ಆಧಾರಗಳನ್ನು ಅಪೀಲು ಮೆಮೊದ ಹಾಗೆ ಕ್ರಮಸಂಖ್ಯೆ ಹಾಕಿ ಬರೆಯಬೇಕು. ರಿವ್ಯೂ ವಜಾ ಆದರೆ ಆ ವಜಾ ಆದೇಶಕ್ಕೆ ಅಪೀಲಿಲ್ಲ, ಎರಡನೆಯ ರಿವ್ಯೂ ಕೂಡ ಇಲ್ಲ. ಮಂಜೂರಾದರೆ ಮಾತ್ರ ಎದುರು ಪಕ್ಷದವರಿಗೆ ಅಪೀಲಿನ ದಾರಿ ಇದೆ. ಇರುವ ಒಂದೇ ಅವಕಾಶವನ್ನು ಸಿಟ್ಟಿನಲ್ಲಿ ಖರ್ಚುಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೈಕೋರ್ಟಿಗೆ ಹೋಗುವುದಾದರೆ

ಮಂಗಳೂರು ಹತ್ತಿರವಿದ್ದರೂ ನಮ್ಮ ಹೈಕೋರ್ಟು ಎರ್ನಾಕುಳಂನಲ್ಲಿದೆ. ಕರ್ನಾಟಕದಲ್ಲಿ ಅಚ್ಚಾದ ಸಂಹಿತೆಯ ಕನ್ನಡ ಪುಸ್ತಕಗಳನ್ನು ಓದುವವರು ಒಂದು ವಿಷಯ ನೆನಪಿಡಿ: ಆರ್ಡರುಗಳಿಗೆ ಆಯಾ ಹೈಕೋರ್ಟು ಮಾಡಿದ ತಿದ್ದುಪಡಿಗಳು ಬೇರೆ ಬೇರೆ, ಇಲ್ಲಿ ಅನ್ವಯಿಸುವುದು ಕೇರಳ ಹೈಕೋರ್ಟಿನವು.

ಡಿಸ್ಕವರಿ ಆದೇಶದ ಮೇಲೆ ಸಂಹಿತೆಯ 115ನೇ ಕಲಂನ ರಿವಿಷನ್ (ಕೆಳಗಿನ ಕೋರ್ಟಿನ ಆದೇಶವನ್ನು ಹೈಕೋರ್ಟು ಪರಿಷ್ಕರಿಸುವುದು) ಸಾಮಾನ್ಯವಾಗಿ ನಡೆಯುವುದಿಲ್ಲ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ, ಆದೇಶ ನಿಮ್ಮ ಪರವಾಗಿ ಬಂದಿದ್ದರೆ ದಾವೆಯೇ ಮುಗಿಯುತ್ತಿತ್ತು ಎಂಬಂತಿದ್ದರೆ ಮಾತ್ರ ರಿವಿಷನ್. ಉಳಿಯುವುದು ಸಂವಿಧಾನದ 227ನೇ ವಿಧಿ, ಅಂದರೆ ಕೆಳಗಿನ ಕೋರ್ಟುಗಳ ಮೇಲೆ ಹೈಕೋರ್ಟಿಗಿರುವ ಮೇಲ್ವಿಚಾರಣೆಯ ಅಧಿಕಾರ. ಕೇರಳದಲ್ಲಿ ಇದನ್ನು ಓ.ಪಿ.(ಸಿ), ಅಂದರೆ ಒರಿಜಿನಲ್ ಪೆಟಿಷನ್ (ಸಿವಿಲ್), ಎಂದು ದಾಖಲಿಸುತ್ತಾರೆ. ಸಿವಿಲ್ ಕೋರ್ಟಿನ ನ್ಯಾಯಿಕ ಆದೇಶದ ವಿರುದ್ಧ 226ನೇ ವಿಧಿಯ ರಿಟ್ ಇಲ್ಲವೆಂದು 2015ರ ರಾಧೇ ಶ್ಯಾಮ್ ವಿರುದ್ಧ ಛಬಿ ನಾಥ್ ತೀರ್ಪು ಇತ್ಯರ್ಥ ಮಾಡಿದೆ. 227ರಲ್ಲೂ ಹೈಕೋರ್ಟು ಅಪೀಲಿನಂತೆ ಕುಳಿತು ಎಲ್ಲವನ್ನೂ ಮರುತೂಗುವುದಿಲ್ಲ. ಕೆಳಗಿನ ಕೋರ್ಟು ತನ್ನ ಅಧಿಕಾರದ ಗಡಿ ಮೀರಿದೆಯೇ, ಅಥವಾ ಇದ್ದ ಅಧಿಕಾರವನ್ನು ಬಳಸದೆ ಬಿಟ್ಟಿದೆಯೇ ಎಂದು ನೋಡುತ್ತದೆ. ಇ-ಫೈಲಿಂಗ್ ಇರುವುದರಿಂದ ಪ್ರತಿ ಕಾಗದಕ್ಕೂ ರಾತ್ರಿ ರೈಲು ಹತ್ತಬೇಕಾಗಿಲ್ಲ. ಖರ್ಚಿನ ಚಿಂತೆ ಇದ್ದರೆ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಆದೇಶವಾದರೂ ತೋರಿಸದಿದ್ದರೆ

11ನೇ ಆರ್ಡರಿನ 21ನೇ ನಿಯಮ ಕಠಿಣ. ವಾದಿ ಪಾಲಿಸದಿದ್ದರೆ ದಾವೆ ವಜಾ, ಅದೇ ಕಾರಣಕ್ಕೆ ಹೊಸ ದಾವೆಯೂ ಇಲ್ಲ. ಪ್ರತಿವಾದಿ ಪಾಲಿಸದಿದ್ದರೆ ಪ್ರತಿವಾದವನ್ನೇ ತೆಗೆದುಹಾಕಬಹುದು. ಎರಡಕ್ಕೂ ಮೊದಲು ನೋಟೀಸು ಕೊಟ್ಟು ಮಾತು ಕೇಳಬೇಕು. ಬಬ್ಬರ್ ಸೂಯಿಂಗ್ ಮೆಷಿನ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು, ಬೇಕೆಂದೇ ಉಲ್ಲಂಘಿಸಿದಾಗ ಮಾತ್ರ, ಕೊನೆಯ ಉಪಾಯವಾಗಿ ಇದನ್ನು ಬಳಸಬೇಕೆಂದಿತು. ಈ ಆದೇಶಕ್ಕೆ 43ನೇ ಆರ್ಡರಿನ 1(ಎಫ್) ನಿಯಮದಡಿ ನೇರ ಅಪೀಲಿದೆ. ತಮ್ಮನ ಪ್ರತಿವಾದವನ್ನು ತೆಗೆದುಹಾಕಿಸುವುದಕ್ಕಿಂತ ಅಕ್ಕನಿಗೆ ಹೆಚ್ಚು ಲಾಭ ತರುವ ದಾರಿ ಇನ್ನೊಂದಿದೆ: ಉತ್ತಮ ಸಾಕ್ಷ್ಯವನ್ನು ಕೈಯಲ್ಲಿಟ್ಟುಕೊಂಡೂ ಮುಂದಿಡದವರ ವಿರುದ್ಧ ಪ್ರತಿಕೂಲ ಅನುಮಾನ (ಆ ಸಾಕ್ಷ್ಯ ಅವರಿಗೇ ವಿರುದ್ಧವಾಗಿರುತ್ತಿತ್ತು ಎಂಬ ತೀರ್ಮಾನ) ತೆಗೆಯಿರಿ ಎಂದು ಅಂತಿಮ ವಾದದಲ್ಲಿ ಕೇಳುವುದು. 1968ರ ಗೋಪಾಲ ಕೃಷ್ಣಾಜಿ ಕೇತ್ಕರ್ ತೀರ್ಪು ಇದಕ್ಕೆ ಆಧಾರ. ಆಗ ಕೆಲಸಕ್ಕೆ ಬರುವುದು ಮೊದಲ ಹೆಜ್ಜೆಯ ಆ ನೋಟೀಸು, ಮತ್ತು ಆದೇಶವಾದ ಮೇಲೂ ಅವರು ಸುಮ್ಮನಿದ್ದರು ಎಂಬ ಕೋರ್ಟಿನ ದಿನಚರಿ ದಾಖಲೆ.

ಎಲ್ಲ ದಾರಿ ಮುಚ್ಚಿ ದಾವೆಯೇ ಸೋತರೂ ಸಂಹಿತೆಯ 105ನೇ ಕಲಂ ಇದೆ. ದಾಖಲೆ ತರಿಸಲು ನಿರಾಕರಿಸಿದ ಆದೇಶದಿಂದ ತೀರ್ಪಿಗೇ ಪೆಟ್ಟು ಬಿದ್ದಿದೆ ಎಂದು ಡಿಕ್ರಿಯ ಮೇಲಿನ ಅಪೀಲಿನಲ್ಲಿ ಒಂದು ಆಧಾರವಾಗಿ ಎತ್ತಬಹುದು. ಅದಕ್ಕಾಗಿ ಮಧ್ಯಂತರ ಅರ್ಜಿ, ಆಕ್ಷೇಪಣೆ, ಆದೇಶ, ರಿವ್ಯೂ ಆದೇಶ ಇವುಗಳ ದೃಢೀಕೃತ ನಕಲುಗಳನ್ನು ದಾವೆ ನಡೆಯುತ್ತಿರುವಾಗಲೇ ತೆಗೆದು, ದಿನಾಂಕದ ಕ್ರಮದಲ್ಲಿ ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ.